ಬಿಳಿ ಕಾರಿಗೆ ಕೆಂಪು ಬಂಪರ್

ಬೀದಿಯವರೆಲ್ಲ ಅವಳನ್ನು ಮಿಷನ್ ಅಕ್ಕ ಎಂದೇ ಕರೆಯುತ್ತಿದ್ದರು. ಬೆಳಗಾಯಿತೆಂದರೆ ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮಿಷನ್ ಕಟಕಟ ಎನ್ನಲು ತೊಡಗುತ್ತಿತ್ತು. ಐವತ್ತು ದಾಟಿದ ಮೇಲೆ ಅವಳು ಕಾರು ಓಡಿಸಲು ಕಲಿಯಹೊರಟಾಗ ನಕ್ಕವರೇ ಹೆಚ್ಚು. ಲೈಸೆನ್ಸ್ ಕೈಗೆ ಬಂದ ದಿನ ಅವರ ಬಾಯಿಗೆ ತಾನಾಗಿಯೇ ಬೀಗ ಬಿತ್ತು. ಅದಾದ ಸ್ವಲ್ಪ ದಿನಕ್ಕೇ ಒಂದು ಹಳೆಯ ಬಿಳಿ ಕಾರು ಮನೆಗೆ ಬಂತು.

ಭಾನುವಾರ ತಂಗಿಯನ್ನು ಕೂರಿಸಿಕೊಂಡು ಸಮುದ್ರ ನೋಡಿ ಬರುವುದೆಂದು ಮಾತಾಗಿತ್ತು. ಶುಕ್ರವಾರ ಸಂಜೆ ಕಾರನ್ನು ಗೇಟಿನೊಳಗೆ ತರುವಾಗ ಅಕ್ಕನ ಕಾಲು ಬ್ರೇಕಿನ ಬದಲು ಪಕ್ಕದ ಪೆಡಲಿಗೆ ಹೋಯಿತು. ಗೇಟಿನ ಕಂಬ ಅಲ್ಲಾಡಲಿಲ್ಲ. ಕಾರಿನ ಮುಂದಿನ ಬಂಪರ್ ಮಾತ್ರ ನಡುವೆ ಸೀಳಿ, ಒಂದು ತುದಿ ನೆಲಕ್ಕೆ ಜೋತುಬಿತ್ತು. ಗಂಡ ಬಂದು ಬಗ್ಗಿ ನೋಡಿದ. ಒಳಗಿನ ಕಬ್ಬಿಣಕ್ಕಾಗಲಿ ದೀಪಗಳಿಗಾಗಲಿ ಪೆಟ್ಟು ಬಿದ್ದಿರಲಿಲ್ಲ. ಒಂದು ಮಾತೂ ಆಡದೆ ಸ್ಪ್ಯಾನರ್ ಹುಡುಕಲು ಒಳಗೆ ಹೋದ. ಇದಕ್ಕಿಂತ ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಶನಿವಾರ ಬೆಳಿಗ್ಗೆ ಇಬ್ಬರೂ ಸೇರಿ ಒಡೆದ ಬಂಪರನ್ನು ಬಿಚ್ಚಿ, ಕಾರಿನ ನೆತ್ತಿಗೆ ಹಗ್ಗದಿಂದ ಬಿಗಿದು ಗುಜರಿ ಅಂಗಡಿಗೆ ಹೊರಟರು. ಒಡೆದದ್ದನ್ನು ಯಾಕೆ ಹೊತ್ತು ತಿರುಗಬೇಕು ಎಂದು ಗಂಡ ಗೊಣಗಿದ. ಅಳತೆ ಅಂಗಿ ಇಲ್ಲದೆ ತಾನು ಯಾವತ್ತೂ ಕತ್ತರಿ ಮುಟ್ಟಿದವಳಲ್ಲ ಎಂದಳು ಅಕ್ಕ.

ಗುಜರಿ ಅಂಗಡಿಗೆ ಕಾಲಿಟ್ಟದ್ದೇ ತಡ, ಅವಳ ಕಣ್ಣು ಸುತ್ತಲೂ ಓಡತೊಡಗಿತು. ಒಂದು ಕಡೆ ಬಾಗಿಲುಗಳ ಸಾಲು, ಇನ್ನೊಂದು ಕಡೆ ಬಾನೆಟ್ಟುಗಳ ಗುಡ್ಡ, ಗೋಡೆಯುದ್ದಕ್ಕೂ ತಂತಿಗೆ ನೇತುಹಾಕಿದ ಬಂಪರುಗಳು. ಬಟ್ಟೆ ಅಂಗಡಿಗೆ ಹೊಕ್ಕಂತೆ ಎಲ್ಲವನ್ನೂ ಮುಟ್ಟಿ ನೋಡುವ ಆಸೆಯಾಯಿತು.

ಅಂಗಡಿಯ ಯಜಮಾನ ಕಾರನ್ನು ಒಮ್ಮೆ ನೋಡಿ, ಒಳಗಿನಿಂದ ಬಿಳಿ ಬಂಪರೊಂದನ್ನು ಎಳೆದು ತಂದ. "ಅದೇ ಕಾರು, ಅದೇ ಬಣ್ಣ. ಕಣ್ಣು ಮುಚ್ಕೊಂಡು ತಗೊಂಡು ಹೋಗಿ ಅಕ್ಕ," ಎಂದ.

ಅಕ್ಕ ಕಣ್ಣು ಮುಚ್ಚಲಿಲ್ಲ. ಹಳೆಯದನ್ನು ಇಳಿಸಿ ಪಕ್ಕದಲ್ಲೇ ಇಡಿಸಿದಳು. ಹಳೆಯದರಲ್ಲಿ ಫಾಗ್ ಲೈಟಿನ ತೂತು ಗುಂಡಗಿತ್ತು, ಇದರಲ್ಲಿ ಉದ್ದಕ್ಕಿತ್ತು. ದೀಪದ ಕೆಳಗೆ ಕೂರುವ ಅಂಚಿನ ಇಳಿಜಾರೂ ಬೇರೆ. ಹೆಸರು ಒಂದೇ ಅಲ್ಲವೇ ಎಂದ ಯಜಮಾನ.

"ಅವಳಿ ಮಕ್ಕಳಾದ್ರೂ ಒಬ್ಬನ ಅಂಗಿ ಇನ್ನೊಬ್ಬನಿಗೆ ಕೂರಲ್ಲ ಯಜಮಾನ್ರೇ," ಎಂದಳು ಅಕ್ಕ.

ಅವನು ಗಹಗಹಿಸಿ ನಕ್ಕ. ಆಮೇಲೆ ತಾನೇ ನೆನಪಿಸಿಕೊಂಡು, ಅದು ಕಂಪನಿಯವರು ಕಾರಿನ ಮುಖ ಬದಲಾಯಿಸಿದ ಮೇಲಿನದು, ಇವರದು ಅದಕ್ಕೂ ಹಿಂದಿನದು ಎಂದು ಒಪ್ಪಿಕೊಂಡ. ಅಷ್ಟರಲ್ಲಿ ಅವನಿಗೂ ಹುರುಪು ಬಂದಿತ್ತು. ಅಂಗಿಯ ತೋಳು ಮಡಚಿ ಏಣಿ ಹತ್ತಿಯೇಬಿಟ್ಟ.

ಎರಡನೆಯದು ಬೂದು ಬಣ್ಣದ್ದು. ಹೊರಗಿನಿಂದ ಎಲ್ಲ ಸರಿಯೇ. ಅಕ್ಕ ಅದನ್ನು ಮಗುಚಿ ಹಾಕಿ, ಒಳಗಿನ ಅಂಚಿನುದ್ದಕ್ಕೂ ಬೆರಳಾಡಿಸಿದಳು. ಮಡ್‌ಗಾರ್ಡಿಗೆ ಸಿಕ್ಕಿಸುವ ಕಿವಿಯೊಂದು ಮುರಿದಿತ್ತು. ಅಂಟು ಹಾಕಿ ಮೇಲೆ ಬಣ್ಣ ಬಳಿದಿದ್ದರು. ಗುಂಡಿ ಕಿತ್ತ ಅಂಗಿಗೆ ಪಿನ್ನು ಚುಚ್ಚಿದ ಹಾಗೆ, ನಾಲ್ಕು ದಿನಕ್ಕೆ ಬಿಟ್ಟುಕೊಳ್ಳುತ್ತದೆ ಎಂದು ಅದನ್ನೂ ಪಕ್ಕಕ್ಕಿಟ್ಟಳು.

ಮೂರನೆಯದನ್ನು ಕಂಡುಹಿಡಿದದ್ದು ಗಂಡ. ಮೂಲೆಯಲ್ಲಿ ಹಿಂಭಾಗ ಜಜ್ಜಿಹೋದ ಅದೇ ಮಾದರಿಯ ಕಾರೊಂದು ನಿಂತಿತ್ತು. ಮುಂಭಾಗಕ್ಕೆ ಗೀರೂ ಬಿದ್ದಿರಲಿಲ್ಲ. ಬಣ್ಣ ಮಾತ್ರ ಕೆಂಡದಂಥ ಕೆಂಪು.

"ಬಾರೇ ಇಲ್ಲಿ, ಬೇಗ ಬಾ," ಎಂದು ಅವನು ಕೂಗಿದ. ನಿನ್ನೆಯಿಂದ ಅವನು ಹೀಗೆ ಬಾಯಿಬಿಟ್ಟು ಕರೆದದ್ದು ಅದೇ ಮೊದಲು.

ತೂತು ಗುಂಡಗೇ ಇತ್ತು. ಬಂಪರ್ ಬಿಚ್ಚಿಸಿ ನೋಡಿದರೆ ಕಿವಿಗಳೆಲ್ಲ ಗಟ್ಟಿ. ಆದರೂ ತೊಡಿಸಿ ನೋಡದೆ ಅಕ್ಕ ಒಯ್ಯುವವಳಲ್ಲ. ಅಲ್ಲೇ ಅಂಗಳದಲ್ಲಿ ಗಂಡ ಒಂದು ತುದಿ, ಯಜಮಾನ ಇನ್ನೊಂದು ತುದಿ ಹಿಡಿದರು. ಅಕ್ಕ ನಡುವೆ ಮಂಡಿಯೂರಿ, ಇನ್ನೂ ಸ್ವಲ್ಪ ಮೇಲೆ, ಇನ್ನು ಒತ್ತಿ ಎಂದು ಹೇಳುತ್ತ ಹೋದಳು. ಎಡಗಡೆ ಟಕ್ ಎಂದಿತು. ಬಲಗಡೆಯನ್ನೂ ಒತ್ತಿದರು. ಅಲ್ಲೂ ಟಕ್. ಅಕ್ಕ ಎರಡೂ ಬದಿಯ ಸಂದಿಗೆ ಬೆರಳಿಟ್ಟು ನೋಡಿದಳು, ಸಮನಾಗಿತ್ತು. ಬಾನೆಟ್ ತೆರೆದು ಮುಚ್ಚಿದಳು, ಎಲ್ಲೂ ತಾಗಲಿಲ್ಲ. ಫಾಗ್ ಲೈಟ್ ಕೂರಿಸಿ ವೈರು ಸಿಕ್ಕಿಸಿ ಸ್ವಿಚ್ ಒತ್ತಿದಾಗ ಎರಡೂ ದೀಪ ಒಟ್ಟಿಗೇ ಬೆಳಗಿದವು. ಅವಳು ಖುಷಿ ತಡೆಯಲಾಗದೆ ಯಜಮಾನನ ಮಸಿ ಕೈಯನ್ನೇ ಹಿಡಿದು ಕುಲುಕಿಬಿಟ್ಟಳು.

ಬಿಳಿ ಬಣ್ಣ ಹೊಡೆಸಿದರೆ ಒಣಗಲು ಹೊತ್ತು ಬೇಕು, ಪ್ರಯಾಣ ಮುಂದಕ್ಕೆ ಹಾಕೋಣವೇ ಎಂದು ಗಂಡ ಕೇಳಿದ. ಅಕ್ಕ ಆಗಲೇ ಸ್ಟಿಯರಿಂಗ್ ಹಿಂದೆ ಕೂತಾಗಿತ್ತು. ಕಾರು ಇವತ್ತು ಲಿಪ್‌ಸ್ಟಿಕ್ ಹಚ್ಚಿಕೊಂಡಿದೆ, ಹಾಗೇ ಇರಲಿ ಎಂದಳು.

ಭಾನುವಾರ ದಾರಿಯುದ್ದಕ್ಕೂ ಜನ ತಿರುಗಿ ತಿರುಗಿ ನೋಡಿದರು. ತಂಗಿ ಮೊದಮೊದಲು ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದವಳು, ಊರು ದಾಟುವಷ್ಟರಲ್ಲಿ ಗಾಜು ಇಳಿಸಿ ಕೂದಲನ್ನು ಗಾಳಿಗೆ ಬಿಟ್ಟಳು. ತಿರುವೊಂದರಲ್ಲಿ ನೀಲಿ ಗೆರೆಯಾಗಿ ಸಮುದ್ರ ಕಂಡಾಗ ಅವಳು ಅದನ್ನು ನೋಡದೆ, ಗೇರ್ ಹಾಕುತ್ತಿದ್ದ ಅಕ್ಕನ ಕೈಯನ್ನೇ ನೋಡುತ್ತಿದ್ದಳು.

"ಅಕ್ಕಾ, ವಾಪಸ್ ಹೋಗೋವಾಗ ಖಾಲಿ ರಸ್ತೆ ಸಿಕ್ಕರೆ," ಎಂದು ತಂಗಿ ಮೆಲ್ಲನೆ ಕೇಳಿದಳು, "ಒಂದು ಸ್ವಲ್ಪ ನನಗೂ ಕೊಡ್ತೀಯಾ?"

ಹಿಂದಿನ ಸೀಟಿನಲ್ಲಿದ್ದ ಗಂಡ ತಟ್ಟನೆ ಬೆಲ್ಟು ಹುಡುಕತೊಡಗಿದ.