ನಲವತ್ತು ಸಾವಿರದಲ್ಲಿ ಒಂದು ಚೀಟಿ

ನಮ್ಮ ಸೋದರಮಾವನನ್ನು ಮನೆಯವರೆಲ್ಲ ಕರೆಯುವುದು ಚೀಟಿಮಾವ ಎಂದೇ. ನಿಘಂಟಿನ ಕಚೇರಿಯಲ್ಲಿ, ನಿವೃತ್ತರಾಗುವವರೆಗೆ ಮೂವತ್ತೊಂದು ವರ್ಷ ಅವರದು ಒಂದೇ ಕೆಲಸ. ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ಓದಿ, ಯಾವ ಪದ ಯಾವ ಕಾಲದಲ್ಲಿ ಯಾವ ಅರ್ಥದಲ್ಲಿ ಬಂದಿದೆಯೋ ಆ ವಾಕ್ಯವನ್ನು ಪುಸ್ತಕದ ಹೆಸರು, ಇಸವಿ, ಪುಟದ ಸಮೇತ ಚೀಟಿಗೆ ಇಳಿಸುವುದು. ಕಣ್ಣಾರೆ ಕಾಣದ ವಾಕ್ಯ ಬರೆಯಬಾರದೆಂಬುದು ಅಲ್ಲಿಯ ವ್ರತ.

ಹೋದ ತಿಂಗಳು ಅವರ ಶಿಷ್ಯೆ, ಈಗಿನ ಸಂಪಾದಕಿ, ಮನೆಗೆ ಬಂದರು. ಕೈಯಲ್ಲಿ ‘ಸಿಲ್ಲಿ’ ಪದದ ಚೀಟಿ. ಇಂದು ಪೆದ್ದುತನಕ್ಕೆ ಹೇಳುವ ಆ ಪದಕ್ಕೆ ಬಹು ಹಿಂದೆ ಧನ್ಯ, ದೇವರ ಕೃಪೆಗೆ ಪಾತ್ರ ಎಂಬ ಅರ್ಥವಿತ್ತಂತೆ. ಆಮೇಲೆ ಮುಗ್ಧ, ಆಮೇಲೆ ಅಯ್ಯೋ ಪಾಪ ಎನ್ನಿಸುವಂಥ, ಕೊನೆಗೆ ಪೆದ್ದ.

“ಸರ್, ಈ ‘ಅಯ್ಯೋ ಪಾಪ’ದ ವಾಕ್ಯ ಎಲ್ಲಿ ಸಿಕ್ತು? ನಾಲ್ಕು ಲೈಬ್ರರಿ ಜಾಲಾಡಿದ್ದಾಯ್ತು. ಅಂಥ ಪುಸ್ತಕವೇ ಇಲ್ವಂತೆ.”

ಅತ್ತೆ ನಕ್ಕರು. “ಮೂಗಿನ ಮೇಲಿರೋ ಕನ್ನಡಕವನ್ನೇ ಊರೆಲ್ಲ ಹುಡುಕೋರು. ಇವರಿಗೆ ಪುಸ್ತಕ ನೆನಪಿರುತ್ತಾ?”

ಮರೆತೆ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮಾವ ಚೀಟಿಯನ್ನು ಇಸಿದುಕೊಂಡು ಒಮ್ಮೆ ಓದಿದರು.

“ಆ ಪುಸ್ತಕ ಇಲ್ಲ ಕಣಮ್ಮಾ. ಅಚ್ಚಿಗೆ ಹೋಗೋಕೆ ಎರಡೇ ದಿನ ಇತ್ತು. ಅದೊಂದು ಅರ್ಥಕ್ಕೆ ನಮ್ಮಲ್ಲಿ ಸಾಕ್ಷಿ ಸಿಗಲಿಲ್ಲ. ವಾಕ್ಯ ನಾನೇ ಕಟ್ಟಿದೆ.”

“ಇದೊಂದೇನಾ ಸರ್?”

“ಇದೊಂದೇ. ದೇವರಾಣೆ.”

“ನಾನು ನಂಬ್ತೀನಿ. ಆದ್ರೆ ಓದೋರು ಯಾಕೆ ನಂಬಬೇಕು? ನಿಮ್ಮ ಕೈಬರಹದ ನಲವತ್ತು ಸಾವಿರ ಚೀಟೀನೂ ಮತ್ತೆ ತಾಳೆ ನೋಡ್ಬೇಕಾಗುತ್ತೆ.”

ಅವರು ಹೋದ ಮೇಲೆ ಅತ್ತೆ ಕಿಡಿಕಾರಿದರು. “ಹರಿಶ್ಚಂದ್ರನ ತುಂಡು! ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಲ್ಲ, ಇನ್ನೊಂದಷ್ಟು ದಿನ ಇರೋಕಾಗ್ಲಿಲ್ವಾ?”

“ಕೇಳೋರು ಬಂದಿರಲಿಲ್ಲ ಕಣೇ” ಎಂದರು ಮಾವ.

ಈಗ ಅವರು ದಿನವೂ ಕಚೇರಿಗೆ ಹೋಗುತ್ತಾರೆ. ಚೀಟಿ ಮುಟ್ಟುವಂತಿಲ್ಲ. ಕೇಳಿದ ಪುಸ್ತಕವನ್ನು ಕಪಾಟಿನಿಂದ ತೆಗೆದುಕೊಟ್ಟು ಬಾಗಿಲ ಬಳಿ ಕೂರುತ್ತಾರೆ. ಒಳಗೆ ಒಬ್ಬರು ಚೀಟಿ ಓದುತ್ತಾರೆ, ಇನ್ನೊಬ್ಬರು ಪುಟ ತಿರುವಿ ‘ಸರಿ’ ಎನ್ನುತ್ತಾರೆ. ಆ ‘ಸರಿ’ ಕೇಳುವವರೆಗೆ ಮಾವ ಉಸಿರು ಬಿಡುವುದಿಲ್ಲ.

“ನೀವೇ ಬರೆದದ್ದಲ್ವಾ ಮಾವಾ, ಯಾಕಿಷ್ಟು ಭಯ?” ಎಂದು ಕೇಳಿದೆ.

“ಒಂದೇ ಅಂತ ಆಣೆ ಇಟ್ಟೆ ತಾಯಿ. ಈಗ ನನಗೇ ಧೈರ್ಯ ಸಾಲ್ತಿಲ್ಲ.”

ನಿನ್ನೆಗೆ ಆರುನೂರು ಮುಗಿದಿವೆ.