ತಲೆಕೆಳಗಾಗಿ ತೂಗುವ ಫ್ರೇಮು

ಅಲ್ಯುಮಿನಿಯಂ ಸೈಕಲ್ ಫ್ರೇಮಿಗೆ ಬೆಸುಗೆ ಹಾಕಿದ ಮಾತ್ರಕ್ಕೆ ರಿಪೇರಿ ಮುಗಿಯುವುದಿಲ್ಲ. ಬೆಸುಗೆಯ ಬಿಸಿ ತಾಗಿದ ಜಾಗದಲ್ಲಿ ಲೋಹ ಮೆತ್ತಗಾಗಿರುತ್ತದೆ. ಇಡೀ ಫ್ರೇಮನ್ನು ಕುಲುಮೆಯಲ್ಲಿ ಕಾಯಿಸಿ, ನೀರಿಗಿಳಿಸಿ, ಮತ್ತೆ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಮಾತ್ರ ಹಿಂದಿನ ಗಟ್ಟಿತನ ಬರುತ್ತದೆ. ಗುಡ್ಡದಿಂದ ಸೈಕಲ್ ಇಳಿಸುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕಿತ್ತು. ಗೊತ್ತಿಲ್ಲ. ಹೆಲ್ಮೆಟ್ಟಿನ ಬಣ್ಣ ಬೂಟಿಗೆ ಹೊಂದುತ್ತದೋ ಇಲ್ಲವೋ ಎನ್ನುವುದು ಮಾತ್ರ ಚೆನ್ನಾಗಿ ಗೊತ್ತು.

ಗುಡ್ಡದ ಬುಡದಲ್ಲಿ, ಟೈರ್ ಅಂಗಡಿಗೂ ಲಾಂಡ್ರಿಗೂ ನಡುವೆ, ಅಣ್ಣತಮ್ಮಂದಿರ ವರ್ಕ್‌ಶಾಪ್. ಅಣ್ಣನದು ಬೆಸುಗೆ ಮತ್ತು ಕುಲುಮೆ. ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವನು. ತಮ್ಮನದು ಬಣ್ಣ. ಅವನು ಬಾಯಿ ತೆರೆದರೆ ಲಾಂಡ್ರಿಯವನು ಇಸ್ತ್ರಿ ಮರೆತು ನಿಲ್ಲುತ್ತಿದ್ದ.

“ನಮ್ಮಣ್ಣ ಫ್ರೇಮ್ ಬೇಯಿಸೋ ಶ್ರದ್ಧೇಲಿ ಒಂದಿನ ಅಡುಗೆ ಮಾಡಿದ್ರೆ ಸಾಕಿತ್ತು. ಅತ್ತಿಗೇನೂ ನನ್ನ ಹೆಂಡ್ತೀನೂ ತವರಿಗೆ ಹೋದಾಗೆಲ್ಲ ನನ್ನ ಹೊಟ್ಟೆ ಬೆನ್ನಿಗೆ ಅಂಟ್ಕೊಳ್ತಿರಲಿಲ್ಲ.”

“ಬಾಯಿ ಮುಚ್ಕೊಂಡು ಬಣ್ಣ ಹೊಡಿಯೋ.”

“ನೋಡಿ, ಇವತ್ತಿನ ಮಾತು ಮುಗೀತು ನಮ್ಮಣ್ಣಂದು.”

ಇಬ್ಬರ ನಡುವೆ ಒಂದು ಕ್ರಮವಿತ್ತು. ಬೆಸುಗೆಯಾಗಿ ಇನ್ನೂ ಬೇಯದ ಫ್ರೇಮು ಕೊಕ್ಕೆಯಲ್ಲಿ ತಲೆಕೆಳಗಾಗಿ ತೂಗಬೇಕು. ಬೆಂದದ್ದು ನೆಟ್ಟಗೆ. ಎರಡೂ ಬೋಳು ಲೋಹ. ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಇದನ್ನು ಗೋಡೆಯ ಮೇಲೆ ಬರೆದಿರಲಿಲ್ಲ. ಇರುವವರೇ ಇಬ್ಬರು, ಯಾರಿಗೆಂದು ಬರೆಯುವುದು? ಕುಲುಮೆ ತುಂಬುವಷ್ಟು ಫ್ರೇಮು ಕೂಡಿದ ಮೇಲೆಯೇ ಅಣ್ಣ ಉರಿ ಹಚ್ಚುತ್ತಿದ್ದ. ನೆಟ್ಟಗಿದ್ದದ್ದನ್ನು ತಮ್ಮ ಇಳಿಸಿಕೊಂಡು ಬಣ್ಣ ಹೊಡೆದು, ಚಕ್ರ ಜೋಡಿಸಿ, ಹಿಂದಿನ ಕಲ್ಲಿನ ಇಳಿಜಾರಿನಲ್ಲಿ ತಾನೇ ಒಮ್ಮೆ ಇಳಿಸಿ ನೋಡುತ್ತಿದ್ದ. ಆಮೇಲಷ್ಟೇ ಅದು ಗಿರಾಕಿಯ ಕೈಗೆ.

“ಮೂಳೆ ಮುರಿದ್ರೆ ನಮ್ಮನೇದೇ ಮುರೀಲಿ ಕಣಣ್ಣ. ಗಿರಾಕೀದು ಯಾಕೆ?” ಎನ್ನುತ್ತಿದ್ದ.

ಬಾಡಿಗೆಗೆ ಸೈಕಲ್ ಕೊಡುವ ಅಂಗಡಿಯವನೊಬ್ಬ ಇದ್ದ. ಅವನ ಫ್ರೇಮುಗಳೆಲ್ಲ ಒಂದೇ ಅಚ್ಚಿನವು. ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. “ಈ ಜನ್ಮದಲ್ಲಿ ಕೊಡ್ತೀರೋ, ಮುಂದಿನ ಜನ್ಮಕ್ಕೆ ಇಟ್ಕೊಂಡಿದೀರೋ? ಬೆಸುಗೆ ಹಾಕಿ ಆಯ್ತಲ್ಲ, ಇನ್ನೇನು ಮುದ್ದು ಮಾಡ್ತಾ ಕೂರೋದು?”

“ಬೆಂದಿಲ್ಲ,” ಎನ್ನುವುದಷ್ಟೇ ಅಣ್ಣನ ಉತ್ತರ.

ಒಂದು ಸಲ ಕುಲುಮೆ ಉರಿದು ಆರಿದ ಮೇಲೆ ಆ ಅಂಗಡಿಯ ಇನ್ನೊಂದು ಫ್ರೇಮಿಗೆ ಅಣ್ಣ ಬೆಸುಗೆ ಹಾಕಿದ. ತಲೆಕೆಳಗಾಗಿ ತೂಗುಹಾಕಿ ಗ್ಯಾಸ್ ಸಿಲಿಂಡರ್ ತರಲು ಹೋದ. ಮರಳಿ ಬಂದಾಗ ನೆಟ್ಟಗಿದ್ದವಕ್ಕೆಲ್ಲ ತಮ್ಮ ಬಣ್ಣ ಹೊಡೆದು ಮುಗಿಸಿದ್ದ. ಮರುದಿನ ಬೆಳಿಗ್ಗೆ ಹಸಿರು ಬಣ್ಣದ ಸೈಕಲ್ಲೊಂದನ್ನು ತಳ್ಳಿಕೊಂಡು ಹೊರಟ ತಮ್ಮನನ್ನು ಅಣ್ಣ ನೋಡಿದ. ಬಣ್ಣ ಬಿದ್ದಿದೆ ಎಂದರೆ ಬೆಂದಿದೆ. ಕುಲುಮೆಯಿಂದ ಇಳಿದವುಗಳಲ್ಲಿ ಇದೂ ಒಂದು ಎಂದುಕೊಂಡ, ಕೊಕ್ಕೆಯತ್ತ ತಿರುಗಿ ನೋಡಲಿಲ್ಲ.

“ಹೋಗ್ಬರ್ಲಾ ಅಣ್ಣ?”

“ಹ್ಞೂ.”

ಇಳಿಜಾರಿನ ಕೆಳಗಿನ ಬಂಡೆಯ ಬಳಿ ಹ್ಯಾಂಡಲ್ ಸಮೇತ ಮುಂದಿನ ಚಕ್ರ ಒಂದು ಕಡೆ, ಉಳಿದ ಸೈಕಲ್ ಇನ್ನೊಂದು ಕಡೆ ಬಿದ್ದಿತ್ತು. ಅಣ್ಣ ಓಡಿಹೋಗಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಾಗ ತಮ್ಮನಲ್ಲಿ ಮಾತು ಉಳಿದಿರಲಿಲ್ಲ. ಇಬ್ಬರಲ್ಲಿ ಮಾತಾಡುತ್ತಿದ್ದವನು ಅವನೊಬ್ಬನೇ.

ಊರು ತೀರ್ಪು ಕೊಡಲು ತಡ ಮಾಡಲಿಲ್ಲ. ವೇಗದ ಹುಚ್ಚು, ಹೆಂಡತಿ ಮಕ್ಕಳಿರುವವನು ಹಾಗೆ ಹಾರಬಹುದೇ ಎಂದಿತು. ಸತ್ತವನ ಮೇಲೆ ತಪ್ಪು ಹೊರಿಸುವುದು ಎಷ್ಟು ಹಗುರ ನೋಡಿ. ಅವನು ಎದ್ದು ಬಂದು ಜಗಳವಾಡುವುದಿಲ್ಲ.

ಮಾತಾಡಿಸಲು ಬಂದ ಬಾಡಿಗೆ ಅಂಗಡಿಯವನೂ ಅದನ್ನೇ ಹೇಳಿದ. “ಬೆಸುಗೇಲಿ ಏನೂ ಐಬಿರಲಿಲ್ಲ ಬಿಡಿ. ಹಿಂದಿನ ದಿನ ನಾನೇ ಬಂದಿದ್ದೆ. ನೀವಿರಲಿಲ್ಲ, ಅವರು ಒಳಗೆ ಬಣ್ಣ ಹೊಡೀತಿದ್ರು. ಉಲ್ಟಾ ತೂಗಾಡ್ತಿತ್ತು, ನೆಟ್ಟಗೆ ತಿರುಗಿಸಿ ಕೈಯಾಡಿಸಿ ನೋಡಿದೆ. ಹಾಗೇ ಬಿಟ್ಟುಹೋದೆ. ಅವರದ್ದೇ ಓಟ ಜಾಸ್ತಿ ಆಯ್ತು.”

ತಿರುಗಿಸಿದವನಿಗೆ ತಾನೇನು ತಿರುಗಿಸಿದೆ ಎಂದು ಗೊತ್ತೇ ಇರಲಿಲ್ಲ.

ಅವನು ಹೋದ ಮೇಲೆ ಅಣ್ಣ ಮುರಿದ ಫ್ರೇಮನ್ನು ಬೆಳಕಿಗೆ ಹಿಡಿದ. ಬೆಸುಗೆ ಹಾಗೇ ಇತ್ತು. ಅದರ ಪಕ್ಕದಲ್ಲಿ ಕೊಳವೆ ಮೊದಲು ಸುಕ್ಕುಗಟ್ಟಿ, ಬಾಗಿ, ಆಮೇಲೆ ಹರಿದಿತ್ತು. ಬೇಯದ ಲೋಹ ಹರಿಯುವುದು ಹಾಗೆ.

ತಮ್ಮನ ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. “ಭಾವ, ಒಂದು ಮಾತು ಕೇಳ್ತೀನಿ. ಅದು ಬೆಂದಿತ್ತಾ?”

ಬೆಂದಿತ್ತು ಎಂದರೆ ವರ್ಕ್‌ಶಾಪ್ ಉಳಿಯುತ್ತದೆ. ತಮ್ಮ ಹುಚ್ಚನಾಗಿಯೇ ಉಳಿಯುತ್ತಾನೆ. ಅಣ್ಣ ಫ್ರೇಮನ್ನು ಕೆಳಗಿಟ್ಟ.

“ಇಲ್ಲಮ್ಮ. ಬಾಡಿಗೆ ಅಂಗಡಿಯವರು ತಿರುಗಿಸಿಟ್ರು. ನೆಟ್ಟಗಿದೆ ಅಂತ ಇವನು ಬಣ್ಣ ಹೊಡ್ದ. ಬಣ್ಣ ನೋಡಿ ನಾನು ಹ್ಞೂ ಅಂದೆ.”

ಅವಳು ಅಲ್ಲೇ ಬಣ್ಣದ ಡಬ್ಬಿಗಳ ಪಕ್ಕ ಕೂತಳು. “ಹಾಗಾದ್ರೆ ಅವರು ಹುಚ್ಚುಚ್ಚಾಗಿ ಓಡಿಸ್ಲಿಲ್ಲ.”

“ಇಲ್ಲ. ಯಾವತ್ತೂ ಓಡಿಸೋ ಹಾಗೇ ಓಡಿಸಿದ.”

“ಮತ್ತೆ ಊರಿಗೂ ಹೇಳಿ ಭಾವ. ದಿನಾ ನನ್ನೆದುರೇ ಆಡ್ಕೊಳ್ತಾರೆ. ನಮ್ಮ ದೊಡ್ಡವಳಂತೂ ಶಾಲೆಗೇ ಹೋಗಲ್ಲ ಅಂತಾಳೆ.”

ಮರುದಿನ ಅಣ್ಣ ಆ ಮುರಿದ ಹಸಿರು ಫ್ರೇಮನ್ನು ವರ್ಕ್‌ಶಾಪಿನ ಬಾಗಿಲಿಗೆ ತಲೆಕೆಳಗಾಗಿ ತೂಗುಹಾಕಿದ. ಬಂದವರೆಲ್ಲ ಇದೇನೆಂದು ಕೇಳುತ್ತಾರೆ. ಮಾತೇ ಬಾರದವನು ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುತ್ತಾನೆ, ತನ್ನ ‘ಹ್ಞೂ’ ಕೂಡ ಬಿಡದೆ. ಕೆಲವರು ತಮ್ಮ ಫ್ರೇಮು ವಾಪಸು ಒಯ್ದರು. ಒಯ್ಯಲಿ ಎನ್ನುತ್ತಾನೆ. ಸಂಜೆ ಬಾಗಿಲು ಹಾಕುವಾಗ ಮಾತ್ರ ಆ ಸುಕ್ಕಿನ ಮೇಲೊಮ್ಮೆ ಬೆರಳಾಡಿಸುತ್ತಾನೆ. ಬಣ್ಣ ಅಲ್ಲಿ ಇನ್ನೂ ನುಣುಪಾಗಿದೆ. ತಮ್ಮನ ಕೈ ಅದು.

ಬಾಡಿಗೆ ಅಂಗಡಿಯವನು ಕೆಟ್ಟವನೇನಲ್ಲ. ಅವನಿಗೆ ಅವಸರವಿತ್ತು, ಅಷ್ಟೇ. ನಿಮಗೂ ಇದೆ. ಆದ್ದರಿಂದ ಇದು ನಿಮಗೆ: ಸತ್ತ ಆ ಬಣ್ಣದವನನ್ನು ಹುಚ್ಚ ಎಂದಿದ್ದರೆ, ಯಾರ ಮುಂದೆ ಹಾಗೆಂದಿರೋ ಅವರ ಮುಂದೆಯೇ ಹೋಗಿ ಆ ಮಾತು ವಾಪಸು ತೆಗೆದುಕೊಳ್ಳಿ. ಇನ್ನೊಬ್ಬರ ಕೆಲಸದ ಜಾಗದಲ್ಲಿ ತೂಗುವ ವಸ್ತುವಿನಿಂದ ಕೈ ತೆಗೆಯಿರಿ. ಬೆಂದಿಲ್ಲ ಎಂದರೆ, ಕಾಯಿರಿ.