ಬೆಂಚಿನ ಇನ್ನೊಂದು ತುದಿ

ಕಳೆದ ವಾರ ಇದೇ ಅಂಕಣದಲ್ಲಿ ನಾನೊಂದು ಸುಳ್ಳು ಬರೆದೆ.

ಹಲಸೂರು ಕೆರೆಯ ಮಿಂಚುಳ್ಳಿಯ ಬಗ್ಗೆ ಬರೆದದ್ದು ನಿಮಗೆ ನೆನಪಿರಬಹುದು. ನನ್ನ ಯಜಮಾನರ ಗಂಟಲಿನ ಗಡ್ಡೆಯ ಬಯಾಪ್ಸಿ ರಿಪೋರ್ಟ್ ಬರಬೇಕಿತ್ತು. ಮನೆಯಲ್ಲಿ ಪ್ರಾರ್ಥನೆಗೆ ಕೂತರೆ ಮಾತೇ ಹೊರಡುತ್ತಿರಲಿಲ್ಲ. ಹಾಗಾಗಿ ಬೆಳಿಗ್ಗೆ ಎದ್ದವಳೇ ಕುಕ್ ಟೌನ್‌ನಿಂದ ಆಟೊ ಹಿಡಿದು ಕೆರೆಯ ದಂಡೆಗೆ ಹೋಗಿ ಕೂರುತ್ತಿದ್ದೆ. ಒಂದು ದಿನ ಎದುರಿನ ಕೊಂಬೆಗೆ ಮಿಂಚುಳ್ಳಿ ಬಂತು. ನೀರಿಗೆ ಧುಮುಕಿತು, ಮೀನು ಹಿಡಿಯಿತು, ಮತ್ತೆ ಅಲ್ಲೇ ಬಂದು ಕೂತಿತು. ಅಂಗೈಯಷ್ಟಿರುವ ಈ ಜೀವವನ್ನು ನೋಡಿಕೊಳ್ಳುವ ಕರ್ತನು ನಮ್ಮನ್ನು ಬಿಟ್ಟುಬಿಡುತ್ತಾನೆಯೇ? ಎದೆಯ ಭಾರ ಇಳಿಯಿತು. ಎರಡು ದಿನ ಬಿಟ್ಟು ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ಲ.

ಇಷ್ಟೂ ನಿಜ. ಸುಳ್ಳು ಯಾವುದೆಂದರೆ, 'ಅಲ್ಲಿದ್ದದ್ದು ನಾನು, ಹಕ್ಕಿ, ದೇವರು, ಮೂವರೇ' ಎಂದು ಬರೆದ ಸಾಲು. (ಆ ಸಾಲನ್ನೇ ಮೆಚ್ಚಿ ಎಷ್ಟೊಂದು ಜನ ಫೋನ್ ಮಾಡಿದಿರಿ.)

ಅವತ್ತು ನಾನು ಕೂತಿದ್ದ ಬೆಂಚಿನ ಇನ್ನೊಂದು ತುದಿಯಲ್ಲಿ ಒಬ್ಬ ಹೆಂಗಸು ಇದ್ದಳು. ಮಡಿಲಲ್ಲಿ ಸೆರಗು ಹೊದಿಸಿದ ಮಗು.

"ಅಕ್ಕಾ, ಕೂಸಿಗಿ ಜ್ವರ ಬಂದಾವ್ರಿ. ಇಲ್ಲಿ ದವಾಖಾನಿ ಎಲ್ಲಿ ಅದರಿ?" ಎಂದಳು.

ನಾನು ಅತ್ತ ತಿರುಗಲೂ ಇಲ್ಲ. ತುಟಿಯ ಮೇಲೆ ಬೆರಳಿಟ್ಟು, "ಶ್, ಹಕ್ಕಿ ಹಾರಿಹೋಗುತ್ತೆ" ಎಂದೆ.

ಆಕೆ ಎದ್ದು ಹೋದಳು.

ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಚರ್ಚಿನ ಹಿರಿಯರಾದ ಗ್ರೇಸ್ ಆಂಟಿ ನನ್ನ ಕೈ ಹಿಡಿದುಕೊಂಡರು. "ಓದಿ ಅಳು ಬಂದ್ಬಿಡ್ತು ಕಣಮ್ಮ. ಅಷ್ಟೊತ್ತೂ ನಿನ್ನ ಯಾರೂ ಡಿಸ್ಟರ್ಬ್ ಮಾಡ್ಲಿಲ್ವಾ?"

"ಇಲ್ಲ ಆಂಟಿ" ಎಂದೆ. ಚರ್ಚಿನ ಬಾಗಿಲಲ್ಲೇ ನಿಂತು.

ಬರೆಯುವಾಗ ಆಕೆ ನೆನಪಾಗಲಿಲ್ಲ ಎಂದುಕೊಂಡು ಸಮಾಧಾನಪಡೋಣವೆಂದರೆ, ನೆನಪಾಗಿದ್ದಳು. ಬರಹ ಕೆಡುತ್ತದೆಂದು ಬಿಟ್ಟಿದ್ದೆ.

ಸೋಮವಾರದಿಂದ ಅದೇ ಬೆಂಚಿನಲ್ಲಿ ಕೂತು ಕಾದೆ. ಮೂರನೆಯ ದಿನ ಆಕೆ ಬಂದಳು. ಹೆಸರು ಮಲ್ಲಮ್ಮ, ಯಾದಗಿರಿ ಕಡೆಯವಳು. ಗಂಡ ಹೆಂಡತಿ ಇಬ್ಬರೂ ಗಾರೆ ಕೆಲಸಕ್ಕೆ ಹೋಗುತ್ತಾರೆ, ಊರಿಗೆ ಹೊಸಬರು, ಹತ್ತಿರದಲ್ಲೇ ಬಾಡಿಗೆ ಕೋಣೆ. ಕಂಕುಳಲ್ಲಿದ್ದ ಮಗು ಬಿಸ್ಕತ್ತು ಚೀಪುತ್ತಿತ್ತು. ಅವತ್ತು ಆಟೊದವರೊಬ್ಬರು ಶಿವಾಜಿನಗರದ ಆಸ್ಪತ್ರೆಗೆ ಕರೆದೊಯ್ದರಂತೆ. ಅಲ್ಲಿ ನಾಲ್ಕು ದಿನ ಅಡ್ಮಿಟ್ ಮಾಡಿಕೊಂಡಿದ್ದರಂತೆ. ನಾಲ್ಕು ದಿನ. ಅಂದರೆ ಅದು ಸಣ್ಣ ಜ್ವರವಲ್ಲ.

"ಅವತ್ತು ನೀವು ಕೇಳಿದ್ದಕ್ಕೆ ನಾನು ಉತ್ತರಾನೂ ಕೊಡ್ಲಿಲ್ಲ. ತಪ್ಪಾಯ್ತಮ್ಮ" ಎಂದೆ.

"ಇರ್ಲಿ ಬಿಡ್ರಿ ಅಕ್ಕಾ. ನೀವು ಅಳ್ಲಾಕತ್ತಿದ್ರಿ. ಪಾಪ, ಅವರದೇ ಏನೋ ತ್ರಾಸ ಅದ ಅಂತ ನಾನೇ ಎದ್ದು ಹೋದೆ." ಆಮೇಲೆ ಕೇಳಿದಳು: "ಈಗ ಮನ್ಯಾಗ ಎಲ್ಲಾರೂ ಆರಾಮ ಅದಾರೇನ್ರಿ?"

ತಲೆ ಎತ್ತಿ ಆಕೆಯ ಮುಖ ನೋಡಲು ನನ್ನಿಂದಾಗಲಿಲ್ಲ. ಹೂಂ ಎಂದೆ, ಅಷ್ಟೆ.

ಕೆರೆಯ ದಂಡೆಯಲ್ಲಿ ನನಗೆ ಸಿಕ್ಕ ಧೈರ್ಯ ಸುಳ್ಳೆಂದು ಈಗಲೂ ಹೇಳಲಾರೆ. ಆದರೆ ಮೈ ಸುಡುವ ಮಗುವನ್ನು ಮಡಿಲಲ್ಲಿಟ್ಟುಕೊಂಡೂ ಮಲ್ಲಮ್ಮನಿಗೆ ನನ್ನ ಕಣ್ಣೀರು ಕಂಡಿತ್ತು. ದೇವರು ನನ್ನನ್ನು ಕೈಬಿಟ್ಟಿಲ್ಲ ಎಂದು ಖಾತ್ರಿಯಾದ ಆ ಗಳಿಗೆಯಲ್ಲೇ ನಾನು ಆಕೆಯನ್ನು ಕೈಬಿಟ್ಟಿದ್ದೆ.

ಪಕ್ಕದಲ್ಲಿ ಕೂತವರ ಸಂಕಟ ಕಿವಿಗೆ ಬಿದ್ದೂ ಮನಸ್ಸಿಗೆ ತಟ್ಟದಿದ್ದರೆ, ನಾನು ಅಲ್ಲಿ ಕೂತು ಮಾಡಿದ್ದು ಪ್ರಾರ್ಥನೆಯೇ?